ಬೇವಿನ ಸೊಪ್ಪು ಕಿತ್ತವನು

ನಮ್ಮ ದೊಡ್ಡ ಡಾಕ್ಟರು ಮಾತು ಶುರು ಮಾಡುವ ಮುಂಚೆ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕೆಮ್ಮಲ್ಲ ಅದು, 'ಹ್ಹೂಂಹ್' ಅಂತ ಗಂಟಲಿನ ಹಾಜರಿ ತೆಗೆದುಕೊಂಡ ಹಾಗೆ. ಆಮೇಲೆ 'ಏನಪ್ಪಾ ಅಂದ್ರೆ' ಅನ್ನುತ್ತಾರೆ. ಆಮೇಲೆ ಒಂದು ಕೇರಳದ ಲಾರಿ ಹಾದು ಹೋಗುವಷ್ಟು ಹೊತ್ತು ಸುಮ್ಮನಿರುತ್ತಾರೆ. ಆ ಸುಮ್ಮನಿರುವುದೇ ಮುಖ್ಯ. ಬೇರೆಯವರು ಅವರ ಮಿಮಿಕ್ರಿ ಮಾಡುವಾಗ ಗಂಟಲನ್ನು ಹಿಡಿಯುತ್ತಾರೆ, ಮೌನವನ್ನು ಬಿಟ್ಟುಬಿಡುತ್ತಾರೆ, ಸಿಕ್ಕಿಬೀಳುತ್ತಾರೆ. ನಾನು ಮೌನವನ್ನೂ ಕಲಿತಿದ್ದೆ.

ಗುಂಡ್ಲುಪೇಟೆಯ ಪಶು ಆಸ್ಪತ್ರೆಗೆ ಗುತ್ತಿಗೆ ಡಾಕ್ಟರಾಗಿ ಸೇರಿದ ಮೊದಲ ತಿಂಗಳಲ್ಲೇ ಎಲ್ಲರ ಗಂಟಲೂ ನನ್ನ ಗಂಟಲಿಗೆ ಬಂದುಬಿಟ್ಟಿತ್ತು. ನಮ್ಮ ಜೀಪಿನ ಡ್ರೈವರು, ಈರುಳ್ಳಿ ಮಂಡಿಯ ಹರಾಜು ಕೂಗುವವರು, ಹೊಟ್ಟೆ ಉಬ್ಬರಿಸಿಕೊಂಡ ಎಮ್ಮೆ, ಯಾರೂ ತಪ್ಪಿಸಿಕೊಂಡಿರಲಿಲ್ಲ. ನನ್ನ ಸ್ವಂತ ಗಂಟಲು ಮಾತ್ರ ಶೀತ ಆದ ಮೇಕೆಯದರ ಹಾಗಿದೆ. ಬೇರೆಯವರದನ್ನು ಎರವಲು ತರುವ ಚಟ ಅದಕ್ಕೇ ಹತ್ತಿರಬೇಕು.

ಒಂದು ಶುಕ್ರವಾರ ಸಂಜೆ ನಾಲ್ಕರ ಹೊತ್ತು. ಆಸ್ಪತ್ರೆಯ ಮೊಬೈಲು ಮೇಜಿನ ಮೇಲಿತ್ತು. ದೊಡ್ಡ ಡಾಕ್ಟರು ಚಾಮರಾಜನಗರಕ್ಕೆ ಮೀಟಿಂಗಿಗೆ ಹೋಗಿದ್ದರು. ಬೇಗೂರಿನಿಂದ ನಾಲ್ಕು ಕಿಲೋಮೀಟರ್ ಒಳಗೆ ಒಂದು ಊರಿದೆ. ಅಲ್ಲಿನ ಹಾಲಿನ ಡೈರಿ ಸೆಕ್ರೆಟರಿಗೆ ದೊಡ್ಡ ಡಾಕ್ಟರ ಫೋನು ಬಂದರೆ ಎದ್ದು ನಿಂತು ಮಾತಾಡುವ ಅಭ್ಯಾಸ. ಅವರು ಎದ್ದು ನಿಲ್ಲುವ ಸದ್ದನ್ನು ಡ್ರೈವರಿಗೆ ಕೇಳಿಸೋಣವೆಂದು ನಾನು ಸ್ಪೀಕರಿಗೆ ಹಾಕಿ ಫೋನು ಮಾಡಿದೆ.

"ಹ್ಹೂಂಹ್. ಏನಪ್ಪಾ ಅಂದ್ರೆ..."

ಆ ಕಡೆ ಕುರ್ಚಿ ಕಿರ್ರೆಂದಿತು. ಡ್ರೈವರು ಟವೆಲನ್ನು ಬಾಯಿಗೆ ತುರುಕಿಕೊಂಡರು.

"ನಮಸ್ಕಾರ ಸಾ! ನಾನೇ ಮಾಡನ ಅಂತಿದ್ದಿ. ನಮ್ಮೂರಲ್ಲಿ ಒಂದು ಅಸ ಮೇವು ಬುಟ್ಬುಟ್ಟದಂತೆ ಸಾ. ಗಬ್ಬದ ಅಸ. ಕಣ್ಣಲ್ಲಿ ನೀರು ಸುರೀತಾ ಅದಂತೆ. ವಸಿ ಬಂದು ನೋಡೀರಾ?"

ಅಲ್ಲಿಗೆ ನಿಲ್ಲಿಸಬೇಕಿತ್ತು. ಪಕ್ಕದ ತಾಲ್ಲೂಕಿನಲ್ಲಿ ಚರ್ಮಗಂಟು ರೋಗ ಮತ್ತೆ ಕಾಣಿಸಿಕೊಂಡಿದೆಯೆಂಬ ಸುದ್ದಿ ಆ ವಾರವೇ ಬಂದಿತ್ತು. ಆದರೆ ಮಿಮಿಕ್ರಿ ಮಾಡುವವನಿಗೆ ಎದುರಿಗೆ ನಗುವವನೊಬ್ಬ ಸಿಕ್ಕಿದರೆ ಕಿವಿ ಮುಚ್ಚಿಹೋಗುತ್ತದೆ. ಮೇವು ಬಿಟ್ಟ ಹಸು ನಮಗೆ ದಿನಕ್ಕೆ ನಾಲ್ಕು ಬರುತ್ತವೆ ಬೇರೆ. ನಾನು ಲಾರಿಯೊಂದನ್ನು ಹಾದು ಹೋಗಲು ಬಿಟ್ಟು ಹೇಳಿದೆ:

"ಗಾಬರಿ ಬೀಳಬೇಡಿ. ಏನೂ ಆಗಲ್ಲ. ಊರಲ್ಲೆಲ್ಲ ಹೇಳ್ಕೊಂಡು ಗಲಾಟೆ ಮಾಡ್ಬೇಡಿ. ಸುಮ್ನಿರಿ, ನಾನು ನೋಡ್ಕೋತೀನಿ."

"ಆಯ್ತು ಸಾ. ನೀವು ಹೇಳುದ್ಮೇಕೆ ಇನ್ನೇನು ಸಾ."

ಇನ್ನೇನು ನನ್ನ ಮೇಕೆ ದನಿಯಲ್ಲಿ 'ಸೆಕ್ರೆಟರಿಗಳೇ, ನಾನು ಕಣ್ರೀ' ಅನ್ನಬೇಕು, ಲೈನು ಕಟ್ಟಾಯಿತು. ಅದೇ ಗಳಿಗೆಗೆ ಒಬ್ಬರು ಓಡಿಬಂದರು, ಅವರ ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಎರಡೂವರೆ ಗಂಟೆ ನನ್ನ ಬಲಗೈ ಆ ಹಸುವಿನೊಳಗಿತ್ತು. ಕೈ ತೊಳೆದುಕೊಳ್ಳುವ ಹೊತ್ತಿಗೆ ಫೋನಿನ ವಿಷಯ ತಲೆಯಿಂದ ತೊಳೆದುಹೋಗಿತ್ತು.

ಸೋಮವಾರ ಬೆಳಿಗ್ಗೆ ಸೆಕ್ರೆಟರಿಯ ಫೋನು ಬಂತು. ಹಸುವಿನ ಮೈತುಂಬ ಗಂಟು ಎದ್ದಿವೆ ಎಂದರು. ದೊಡ್ಡ ಡಾಕ್ಟರು, ನಾನು, ಡ್ರೈವರು ಜೀಪು ಹತ್ತಿದೆವು.

ಹಸುವಿನ ಹೆಸರು ಚುಕ್ಕಿ. ಕಪ್ಪು ಮೈಮೇಲೆ ಬಿಳಿ ಮಚ್ಚೆಗಳ ಮಿಶ್ರತಳಿ, ಎಂಟು ತಿಂಗಳ ಗಬ್ಬ. ಒಡತಿ ಐವತ್ತರ ಆಸುಪಾಸಿನ ಹೆಂಗಸು, ಒಬ್ಬಂಟಿ. ಚುಕ್ಕಿಯ ಹಾಲೇ ಅವರ ಮನೆ ನಡೆಸುವುದು. ಕೊಟ್ಟಿಗೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು, ಹೊಸ್ತಿಲಿಗೆ ಅರಿಶಿನದ ನೀರು ಚಿಮುಕಿಸಿದ್ದರು.

"ಚಪ್ಪಲಿ ಬುಟ್ಟು ಬನ್ನಿ. ಅಮ್ಮ ಬಂದವ್ಳೆ" ಎಂದರು.

ನಮ್ಮ ಸೀಮೆಯಲ್ಲಿ ಮೈಮೇಲೆ ಗುಳ್ಳೆಯೆದ್ದರೆ ಅದು ರೋಗವಲ್ಲ, ಅಮ್ಮ. ಬಂದವಳನ್ನು ಓಡಿಸುವಂತಿಲ್ಲ. ತಂಪಾಗಿ ಉಪಚರಿಸಿ ಕಳಿಸಿಕೊಡಬೇಕು. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ನೆಂಟರು ಬರುವಂತಿಲ್ಲ, ಅಮ್ಮ ಬಂದ ಮೈಗೆ ಸೂಜಿ ಚುಚ್ಚುವಂತಿಲ್ಲ. ನಾನೂ ಉಮ್ಮತ್ತೂರು ಕಡೆಯವನೇ. ಚಿಕ್ಕಂದಿನಲ್ಲಿ ಗುಳ್ಳೆಯೆದ್ದಾಗ ಬೇವಿನ ಸೊಪ್ಪಿನ ಮೇಲೆ ಮಲಗಿ ಎದ್ದವನು.

ಥರ್ಮಾಮೀಟರ್ ನೂರಾ ಐದು ತೋರಿಸಿತು. ಭುಜದ ಮುಂದಿನ ಗ್ರಂಥಿ ಕೋಳಿಮೊಟ್ಟೆಯಷ್ಟಾಗಿತ್ತು. ಕುತ್ತಿಗೆ, ಪಕ್ಕೆ, ಕೆಚ್ಚಲ ಮೇಲೆಲ್ಲ ಗಟ್ಟಿ ಗಂಟುಗಳು. ಮುಂಗಾಲು ಊದಿತ್ತು. ಅದೇ ಕೇರಿಯಲ್ಲಿ ಇನ್ನೂ ಮೂರು ಹಸುಗಳಿಗೆ ಜ್ವರ ಶುರುವಾಗಿತ್ತು. ಶುಕ್ರವಾರದಿಂದ ಸೋಮವಾರದವರೆಗೆ ಕೇರಿಯ ದನಗಳೆಲ್ಲ ಒಂದೇ ತೊಟ್ಟಿಯಲ್ಲಿ ನೀರು ಕುಡಿದಿದ್ದವು. ಒಂದನ್ನು ಕಚ್ಚಿದ ನೊಣ ಇನ್ನೊಂದನ್ನೂ ಕಚ್ಚಿತ್ತು.

ದೊಡ್ಡ ಡಾಕ್ಟರು ಸೆಕ್ರೆಟರಿಯ ಕಡೆ ತಿರುಗಿದರು. "ಇಷ್ಟಾಗೋವರೆಗೂ ಸುಮ್ನಿದ್ರಲ್ರೀ?"

"ನೀವೇ ಅಲ್ವಾ ಸಾ ಸುಮ್ನಿರಿ ಅಂದದ್ದು?"

"ನಾನಾ?"

"ಶುಕ್ರವಾರ ಫೋನ್ ಮಾಡಿದ್ರಲ್ಲ ಸಾ. ನೋಡಿ ಇಲ್ಲಿ, ಆಸ್ಪತ್ರೆ ನಂಬರು."

ನಾನು ಥರ್ಮಾಮೀಟರ್ ಒರೆಸುತ್ತಿದ್ದೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅಷ್ಟು ಚೊಕ್ಕಟವಾಗಿ ಯಾರೂ ಥರ್ಮಾಮೀಟರ್ ಒರೆಸಿರಲಾರರು. ಡ್ರೈವರು ಜೀಪಿನ ಟೈರನ್ನು ಒದ್ದು ಒದ್ದು ಪರೀಕ್ಷೆ ಮಾಡುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಒಬ್ಬರು ಸೆಕ್ರೆಟರಿಯನ್ನು ಹಿಡಿದುಕೊಂಡರು. "ಏ, ಡಾಕ್ಟ್ರು ಮ್ಯಾಲೆ ಯಾಕ್ಲಾ ಆಕೀಯೆ? ಮರ್ತುಬುಟ್ಟೆ ಅಂತ ಒಪ್ಕ ಕಣ್ಲಾ." ಸೆಕ್ರೆಟರಿಯ ಮುಖ ಕೆಂಪಗಾಯಿತು.

ಗಂಟಿನ ಹೊಪ್ಪಳೆಯನ್ನು ಕೆರೆದು ಸೀಸೆಗೆ ಹಾಕಿಕೊಂಡೆವು. ಜ್ವರದ ಇಂಜೆಕ್ಷನ್ ಕೊಡಲು ಒಡತಿ ಬಿಡಲೇ ಇಲ್ಲ. ಕೇರಿಯವರೂ ಒಂದೇ ಮಾತು ಹಿಡಿದರು: ಅಮ್ಮ ಊರಿಗೆ ಬಂದಿರುವಾಗ ಯಾವ ದನಕ್ಕೂ ಸೂಜಿ ಬೇಡ. ತಂದಿದ್ದ ಲಸಿಕೆಯ ಡಬ್ಬಿಯಲ್ಲಿ ಐಸು ಕರಗುತ್ತ ಕೂತಿತ್ತು. ನಾವು ವಾಪಸು ಹೊರಟೆವು.

ಜೀಪು ಹೆದ್ದಾರಿ ಸೇರಿತು. ಆಮೇಲೆ ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಏನಪ್ಪಾ ಅಂದ್ರೆ..." ನಿಜವಾದ ಲಾರಿಯೊಂದು ಹಾದುಹೋಯಿತು. "ನಾನೇ ಅಂದಿರಬೇಕು ಕಣಯ್ಯ. ಆತ ಸುಳ್ಳು ಹೇಳೋ ಮನುಷ್ಯ ಅಲ್ಲ. ಈಚೀಚೆಗೆ ಕನ್ನಡಕ ಮರೀತೀನಿ, ಪೆನ್ನು ಮರೀತೀನಿ. ಇದನ್ನೂ ಮರೆತೆ ಅಂದ್ರೆ..."

ಕಿಟಕಿಯಾಚೆ ಚೆಂಡುಹೂವಿನ ಹೊಲ ನೋಡುತ್ತ ಕೂತರು. ಅವರ ಮಿಮಿಕ್ರಿಯನ್ನು ನೂರು ಸಲ ಮಾಡಿದ್ದೇನೆ. ಆ ಹೊತ್ತಿನ ಅವರ ದನಿಯನ್ನು ಇವತ್ತಿಗೂ ಮಾಡಲು ಬಂದಿಲ್ಲ.

ಆ ಮಧ್ಯಾಹ್ನ ಮಾದರಿಗಳನ್ನು ಐಸಿನಲ್ಲಿಟ್ಟು ಚಾಮರಾಜನಗರಕ್ಕೆ ಕಳಿಸಬೇಕಿತ್ತು, ಜೊತೆಗೆ ವರದಿ ಬರೆಯಬೇಕಿತ್ತು. ಐಸು ಬರುವುದು ತಡವಾಯಿತು. ಕಾಯುತ್ತ ಕಾಲೇಜಿನ ನೋಟ್ಸು ತೆರೆದೆ. ಸಿಡುಬಿನ ಬಳಗದ ವೈರಸ್ಸುಗಳು ಮೈಯ ಕಾವಲನ್ನು ಹೇಗೆ ತಪ್ಪಿಸಿಕೊಳ್ಳುತ್ತವೆ ಎಂಬ ಪಾಠ. ಪರೀಕ್ಷೆಗೆ ಉರು ಹೊಡೆದು, ಪರೀಕ್ಷೆಯ ಮರುದಿನ ಮರೆತದ್ದು.

ಚರ್ಮಗಂಟು ರೋಗದ ವೈರಸ್ಸು ಸಿಡುಬಿನ ದಾಯಾದಿ. ಮನುಷ್ಯರಿಗೆ ಬರುವುದಿಲ್ಲ. ಅದೊಂದು ಜೀವಕೋಶದೊಳಕ್ಕೆ ನುಗ್ಗಿದಾಗ ಆ ಕೋಶ ಸುಮ್ಮನೆ ಸಾಯುವುದಿಲ್ಲ. ಇಂಟರ್‌ಫೆರಾನ್ ಎಂಬ ಪದಾರ್ಥವನ್ನು ಹೊರಗೆ ಬಿಡುತ್ತದೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ ಹಾಗೆ ಅದು: ಇಲ್ಲಿಗೆ ಬಂದಿದೆ, ನೀವು ಬಾಗಿಲು ಭದ್ರ ಮಾಡಿಕೊಳ್ಳಿ. ಪಕ್ಕದ ಕೋಶಗಳ ಮೈಮೇಲೆ ಆ ಸುದ್ದಿಯನ್ನು ಹಿಡಿಯುವ ಕೊಂಡಿಗಳಿವೆ. ಹಿಡಿದೊಡನೆ ಅವು ಸಿದ್ಧವಾಗುತ್ತವೆ.

ಈ ಬಳಗದ ವೈರಸ್ಸು ಮಾಡುವುದೇನೆಂದರೆ, ಆ ಕೊಂಡಿಗಳಂಥವೇ ಸುಳ್ಳು ಕೊಂಡಿಗಳನ್ನು ಮಾಡಿ ಹೊರಗೆ ಹರಡಿಬಿಡುತ್ತದೆ. ಸುದ್ದಿ ಪಕ್ಕದ ಮನೆ ಮುಟ್ಟುವ ಮುಂಚೆಯೇ ಅವಕ್ಕೆ ಸಿಕ್ಕಿಕೊಳ್ಳುತ್ತದೆ. ಕಳ್ಳನೊಬ್ಬ ಬಾಗಿಲ ಬೇವಿನ ಸೊಪ್ಪನ್ನು ಕಿತ್ತು ಜೇಬಿಗೆ ಹಾಕಿಕೊಂಡಂತೆ. ಆ ಕೊಂಡಿ ಮಾಡುವ ವಿದ್ಯೆಯನ್ನು ಯಾವುದೋ ಕಾಲದಲ್ಲಿ ಪ್ರಾಣಿಗಳ ಜೀವಕೋಶದಿಂದಲೇ ಕದ್ದಿರಬೇಕೆಂದು ತಿಳಿದವರು ಹೇಳುತ್ತಾರೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಮೈಯ ಕಾವಲಿನಲ್ಲಿ ಒಬ್ಬ ಹಿರಿಯನಿದ್ದಾನೆ, ಹೆಸರು ಇಂಟರ್‌ಲ್ಯೂಕಿನ್ ಹತ್ತು. ಹೊಡೆದಾಟ ಅತಿಯಾದಾಗ 'ಸಾಕು, ಸುಮ್ಮನಿರಿ' ಎಂದು ತಣ್ಣಗಾಗಿಸುವುದು ಅವನ ಕೆಲಸ. ಅವನಿಲ್ಲದಿದ್ದರೆ ಮೈ ತನ್ನನ್ನೇ ಸುಟ್ಟುಕೊಂಡೀತು. ಚರ್ಮಗಂಟಿನ ವೈರಸ್ಸಿನಲ್ಲಿ ಅವನನ್ನೇ ಹೋಲುವ ಒಂದು ಪ್ರೋಟೀನನ್ನು ಮಾಡುವ ಜೀನ್ ಇದೆ. ಕೋಟೆಗೆ ಕನ್ನ ಹಾಕುತ್ತಿರುವವನೇ ಹಿರಿಯನ ದನಿ ತೆಗೆದು ಕಾವಲಿನವರಿಗೆ ಹೇಳುತ್ತಾನೆ: ಗಾಬರಿ ಬೀಳಬೇಡಿ. ಏನೂ ಆಗಲ್ಲ. ಸುಮ್ನಿರಿ.

ನೋಟ್ಸನ್ನು ಮುಚ್ಚಿದೆ.

ಹೋಲಿಕೆ ಪೂರ್ತಿ ಸರಿಯಲ್ಲ. ವೈರಸ್ಸಿಗೆ ಕಿಡಿಗೇಡಿತನವಿಲ್ಲ, ಎದುರಿಗೆ ಟವೆಲು ಬಾಯಿಗಿಟ್ಟುಕೊಂಡು ನಗುವ ಡ್ರೈವರಿಲ್ಲ. ಅದು ಬದುಕಲು ಮಾಡುತ್ತದೆ, ನಾನು ಮಜಕ್ಕೆ ಮಾಡಿದ್ದೆ. ಹೋಲಿಸಿದರೆ ಅದಕ್ಕೇ ಅವಮಾನ.

ಸಂಜೆ ದೊಡ್ಡ ಡಾಕ್ಟರ ಮುಂದೆ ನಿಂತು ನನ್ನ ಸ್ವಂತ ದನಿಯಲ್ಲಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದ್ದು ಇಷ್ಟೇ: "ಹಾಗಾದ್ರೆ ನಾನು ಮರೆತಿಲ್ಲ?"

"ಇಲ್ಲ ಸಾರ್."

"ಹಾಳಾದವನೇ" ಎಂದು ಕುರ್ಚಿಗೆ ಒರಗಿದರು. ಸಿಟ್ಟೋ ಸಮಾಧಾನವೋ ತಿಳಿಯಲಿಲ್ಲ. "ನನಗೆ ಹೇಳಿದ್ದು ಸಾಲದು. ಬೆಳಿಗ್ಗೆ ಡೈರಿಲಿ ಹೇಳ್ಬೇಕು. ಎಲ್ಲರೂ ಇದ್ದಾಗ."

ಮಂಗಳವಾರ ಬೆಳಿಗ್ಗೆ ಆರೂವರೆಗೆ ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲಿತ್ತು. ಸೆಕ್ರೆಟರಿ ಹಾಲಿಗೆ ಮಾಪಕ ಅದ್ದಿ ಡಿಗ್ರಿ ನೋಡುತ್ತಿದ್ದರು, ಯಾರೂ ಅವರ ಜೊತೆ ಮಾತಾಡುತ್ತಿರಲಿಲ್ಲ. ಸಾಲಿನ ಪಕ್ಕದಲ್ಲಿ ಚುಕ್ಕಿಯ ಒಡತಿ ಬರಿಗೈಯಲ್ಲಿ ನಿಂತಿದ್ದರು.

ನಾನು ಹೇಳಿದೆ. ನಂಬಲಿಲ್ಲ. 'ಡಾಕ್ಟ್ರ ಮಾನ ಉಳಿಸಾಕೆ ಈ ಹೈದ ಸುಳ್ಳು ಹೇಳ್ತಾವ್ನೆ' ಎಂದು ಗುಸುಗುಸು ಕೇಳಿಸಿತು. ಆಗ ಬೇರೆ ದಾರಿ ಕಾಣದೆ, ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತಿರುವಾಗಲೇ, ಗಂಟಲು ಸರಿಮಾಡಿಕೊಂಡೆ.

"ಹ್ಹೂಂಹ್. ಏನಪ್ಪಾ ಅಂದ್ರೆ..."

ಸೆಕ್ರೆಟರಿ ಅಭ್ಯಾಸಬಲದಿಂದ ಎದ್ದು ನಿಂತುಬಿಟ್ಟರು. ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಬೇವಿನ ಸೊಪ್ಪು ಕೀಳುವ ಕಳ್ಳನ ಕಥೆಯನ್ನು ಅಲ್ಲೇ ಹೇಳಿದೆ. ಈ ರೋಗ ಮೈಯೊಳಗೆ ಮಾಡುವ ಮೋಸವನ್ನೇ ನಾನು ನಿಮ್ಮೂರಿಗೆ ಮಾಡಿದೆ ಎಂದೆ. ಬಾಯಿಗೆ ಬಂದದ್ದನ್ನು ಬೈದವರು ಬೈದರು. ಸೆಕ್ರೆಟರಿ ಮಾತ್ರ "ನಮ್ಮಪ್ಪನಾಣೆ ದೊಡ್ಡ ಡಾಕ್ಟ್ರೇ ಅಂದ್ಕಂಡಿದ್ದಿ ಕಣಪ್ಪ" ಎಂದು ಕಣ್ಣೊರೆಸಿಕೊಂಡರು. ಬೈಗುಳಕ್ಕಿಂತ ಅದು ಜಾಸ್ತಿ ತಾಗಿತು.

ಒಡತಿ ಹತ್ತಿರ ಬಂದರು. "ಶುಕ್ರವಾರ ಬಂದಿದ್ರೆ ಏನ್ ಮಾಡ್ತಿದ್ದೆ ಮಗ?"

"ಜ್ವರ ಇಳಿಸ್ತಿದ್ದೆ ಅವ್ವ. ಚುಕ್ಕೀನ ಬೇರೆ ಕಟ್ಟಿಸ್ತಿದ್ದೆ. ಕೇರಿ ದನಗಳಿಗೆಲ್ಲ ಅವತ್ತೇ ಲಸಿಕೆ ಹಾಕ್ತಿದ್ದೆ."

"ಚುಕ್ಕಿಗೆ ಬತ್ತಿರ್ನಿಲ್ವಾ?"

"ಅಷ್ಟೊತ್ತಿಗೆ ಬಂದಾಗಿತ್ತು ಅವ್ವ."

ಅವರು ತಲೆಯಾಡಿಸಿದರು. "ಅಮ್ಮ ಬಂದ ಮೈಗೆ ಮಾತ್ರ ಸೂಜಿ ಬ್ಯಾಡ ಕಣಪ್ಪ."

ಆಗ ದೊಡ್ಡ ಡಾಕ್ಟರು ಬಾಯಿ ಬಿಟ್ಟರು. "ನಾವೂ ಅದನ್ನೇ ಹೇಳೋದು ತಾಯಿ. ಬಂದ ಮೈಗೆ ಲಸಿಕೆ ಚುಚ್ಚಲ್ಲ, ಚುಚ್ಚಬಾರದು. ಬರದೇ ಇರೋ ಮೈಗೆ ಚುಚ್ಚೋದು."

ಆ ಮಾತು ನಮ್ಮ ಲಸಿಕೆಯ ನಿಯಮದಲ್ಲೂ ಇತ್ತು, ಅವರ ಆಚಾರದಲ್ಲೂ ಇತ್ತು. ಹಿಂದಿನ ದಿನ ಯಾರಿಗೂ ಅದು ಹೊಳೆದಿರಲಿಲ್ಲ. ನಾವು 'ದನಗಳಿಗೆ ಸೂಜಿ' ಎಂದಿದ್ದೆವು, ಅವರು 'ಅಮ್ಮನಿಗೆ ಸೂಜಿ' ಎಂದು ಕೇಳಿಸಿಕೊಂಡಿದ್ದರು.

"ಅಂಗಾದ್ರೆ ಒಂದು ಮಾಡನ" ಎಂದರು ಒಡತಿ. "ಫೋನ್ ಬ್ಯಾಡ, ಈ ಹೈದ ಯಾರ ಗಂಟಲಲ್ಲಿ ಮಾತಾಡ್ತಾನೋ ಗೊತ್ತಾಗಕಿಲ್ಲ. ಜ್ವರ ಬಂದ ಕೊಟ್ಟಿಗೆ ಬಾಗಿಲಿಗೆ ಬೇವಿನಸೊಪ್ಪು ಸಿಗಸ್ತೀವಿ. ಸೊಪ್ಪಿದ್ರೆ ಒಳಿಕೆ ಬರ್ಬ್ಯಾಡಿ. ಸೊಪ್ಪಿಲ್ದೆ ಇದ್ರೆ ಚುಚ್ಕಂಡು ಓಗಿ."

ಜ್ವರದ ಮನೆಗೆ ಸೂಜಿಯ ಬದಲು ಬೆಲ್ಲದುಂಡೆಯಲ್ಲಿ ಗುಳಿಗೆ ಎಂದು ಒಪ್ಪಂದವಾಯಿತು. ಸೂಜಿಗಲ್ಲವೇ ನಿಷೇಧ, ಬೆಲ್ಲಕ್ಕಲ್ಲವಲ್ಲ.

ನಾಲ್ಕು ದಿನ ಅಲ್ಲೇ ಇದ್ದೆವು. ಲಸಿಕೆ ಮೇಕೆ ಸಿಡುಬಿನದು; ಬಲ ಕುಂದಿಸಿದ ವೈರಸ್ಸು, ಚರ್ಮಗಂಟಿನವನ ತಮ್ಮ ಇದ್ದ ಹಾಗೆ. ಹಳ್ಳಿಯ ಭಾಷೆಯಲ್ಲಿ ಹೇಳಿದೆ: ಕಳ್ಳ ಮಿಮಿಕ್ರಿಯವನು ಬರುವ ಮುಂಚೆ ಅವನ ಪೆದ್ದ ತಮ್ಮನನ್ನು ಕರೆತಂದು ಕಾವಲಿನವರಿಗೆ ಮುಖಪರಿಚಯ ಮಾಡಿಸುವುದು. ಪರಿಚಯ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಒಣಪುಡಿಯ ಸೀಸೆಗೆ ಅದರ ನೀರನ್ನು ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಐಸಿನಿಂದ ಆಚೆ ಇಡಬಾರದು. ಕುತ್ತಿಗೆಯ ತೊಗಲನ್ನು ಡೇರೆಯಂತೆ ಎತ್ತಿ ಕೆಳಗೆ ಚುಚ್ಚಬೇಕು. ಒಂದು ದನಕ್ಕೆ ಒಂದೇ ಸೂಜಿ. ಸೂಜಿ ಬದಲಿಸದಿದ್ದರೆ ನಾನೇ ನೊಣದ ಕೆಲಸ ಮಾಡಿದಂತೆ. ಒಂದು ಮಿಮಿಕ್ರಿ ಸಾಕಾಗಿತ್ತು.

ಬುಧವಾರ ಐಸು ಮುಗಿಯಿತು. ಅವತ್ತು ಗುಂಡ್ಲುಪೇಟೆಯಲ್ಲೇ ಉಳಿದಿದ್ದ ದೊಡ್ಡ ಡಾಕ್ಟರು, ಐಸು ಬೇಗೂರಿನ ಬಸ್ಸಿನಲ್ಲಿ ಬರುತ್ತಿದೆ, ಯಾರನ್ನಾದರೂ ಕಳಿಸಿ ಎಂದು ಸೆಕ್ರೆಟರಿಗೆ ಫೋನು ಮಾಡಿದರು. ನಾನು ಎದುರು ಕೊಟ್ಟಿಗೆಯಲ್ಲಿ ದನದ ಕುತ್ತಿಗೆ ಹಿಡಿದಿದ್ದೆ.

"ಏ ಬಡ್ಡೈದ್ನೆ, ಮತ್ತೆ ಸುರು ಅಚ್ಕಂಡ್ಯಾ? ಮಡುಗ್ಲಾ ಫೋನ!" ಎಂದು ಸೆಕ್ರೆಟರಿ ಗದರಿದರು. ತಲೆಯೆತ್ತಿ ನೋಡಿದರೆ ನಾನು ಕಣ್ಣೆದುರಿಗೇ ಇದ್ದೇನೆ, ಕೈಯಲ್ಲಿ ಸಿರಿಂಜಿದೆ. ಅವರ ಕೈಯಿಂದ ಫೋನು ಸಗಣಿಗೆ ಬಿತ್ತು. ಅವತ್ತು ಐಸು ತಂದವನು ನಾನೇ, ಓಡಿಕೊಂಡು.

ಹೊಸದಾಗಿ ಎರಡು ಬಾಗಿಲಿಗೆ ಸೊಪ್ಪು ಬಂತು. ಅದರಲ್ಲೊಂದು ಹಸುವಿಗೆ ನಾವು ಲಸಿಕೆ ಹಾಕಿ ಮೂರು ದಿನವಾಗಿತ್ತು. ಲಸಿಕೆಯಿಂದಲೇ ಬಂತೆಂದು ಮತ್ತೆ ಗಲಾಟೆಯಾಗಬಹುದಿತ್ತು. ಕಳ್ಳ ಮುಂಚೆಯೇ ಒಳಗೆ ಸೇರಿ ಸೊಪ್ಪು ಕೀಳುತ್ತ ಕೂತಿರಬೇಕು ಎಂದು ನಾನು ಬಾಯಿ ತೆರೆಯುವ ಮುಂಚೆ ಆ ಮನೆಯವರೇ ಹೇಳಿದರು. ನನ್ನ ಕಥೆ ನನಗಿಂತ ಮುಂದೆ ಓಡಿತ್ತು.

ಶನಿವಾರ ಬೆಳಿಗ್ಗೆ ಚುಕ್ಕಿ ಕಂದು ಹಾಕಿತು. ಹೆಣ್ಣುಗರು, ತಾಯಿಯಂತೆಯೇ ಮಚ್ಚೆ, ಉಸಿರಿರಲಿಲ್ಲ. ನಾನು ಹೋಗುವಷ್ಟರಲ್ಲಿ ಒಡತಿ ಅದನ್ನು ಹಳೆ ಸೀರೆಯಲ್ಲಿ ಸುತ್ತಿದ್ದರು. ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು, ನಾನೇ ತೋಡಿದೆ.

ಶುಕ್ರವಾರವೇ ಬಂದಿದ್ದರೆ ಆ ಕರು ಉಳಿಯುತ್ತಿತ್ತೇ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. ಅವರು ಲಾರಿಗಾಗಿ ಕಾಯಲಿಲ್ಲ. "ಹೇಳಕ್ಕಾಗಲ್ಲ" ಎಂದರು. "ಹೌದು ಅಂತ ಹೇಳಿ ನಿನ್ನ ಸಾಯಿಸಲ್ಲ. ಇಲ್ಲ ಅಂತ ಹೇಳಿ ನಿನ್ನ ಉಳಿಸಲ್ಲ."

ವಾರದ ನಂತರ ಚುಕ್ಕಿಯ ಜ್ವರ ಬಿಟ್ಟಿತ್ತು, ಗಂಟುಗಳು ಒಣಗುತ್ತಿದ್ದವು. ಮೇವಿಗೆ ಬಾಯಿ ಹಾಕಿತ್ತು. ಕೆಚ್ಚಲಿಗೆ ಹಾಲು ತುಂಬಿತ್ತು. ಆದರೆ ಇಳಿಸುತ್ತಿರಲಿಲ್ಲ. ಒಡತಿ ಕೆಚ್ಚಲಿಗೆ ಕೈ ಹಾಕಿದರೆ ಕಾಲೆತ್ತುತ್ತಿತ್ತು, ತಿರುಗಿ ತಿರುಗಿ ಹಿಂದಕ್ಕೆ ನೋಡುತ್ತಿತ್ತು. ಹಾಲು ಹೀಗೇ ನಿಂತರೆ ಕೆಚ್ಚಲು ಬಾವು, ಆಮೇಲೆ ಹಾಲೂ ಇಲ್ಲ, ಹಸುವೂ ಇಲ್ಲ. ಹಾಲಿಳಿಸುವ ಇಂಜೆಕ್ಷನ್ ನನ್ನ ಚೀಲದಲ್ಲಿತ್ತು. ಬಾಗಿಲಲ್ಲಿ ಬೇವಿನ ಸೊಪ್ಪು ಬಾಡಿ ನೇತಾಡುತ್ತಿತ್ತು. ಅದನ್ನವರು ಇನ್ನೂ ತೆಗೆದಿರಲಿಲ್ಲ.

"ಅಮ್ಮ ಇನ್ನೂ ಓಗಿಲ್ಲ. ಸೂಜಿ ಬ್ಯಾಡ" ಎಂದರು. ಚೆಂಬು ಹಿಡಿದು ಕೂತಲ್ಲಿಂದಲೇ ನನ್ನ ಕಡೆ ನೋಡಿದರು. "ನೀನು ಯಾರ ಅಂಗೆ ಬೇಕಾರೂ ಕೂಗ್ತೀಯಂತಲ್ಲ."

ಅರ್ಥವಾಗಿತ್ತು, ಆಗದವನಂತೆ ನಿಂತೆ.

"ಕರ ಕೂಗ್ದಂಗೆ ಕೂಗು ಮಗ."

"ಅದನ್ನ ಬಿಟ್ಟು ಬೇರೇನಾದ್ರೂ ಹೇಳಿ ಅವ್ವ."

"ಬ್ಯಾರೆ ಏನ್ ಹೇಳನ? ಅದ್ಕೆ ಬೇಕಾಗಿರದು ಅದು."

ನಾನು ಕರುವಿನ ಮಿಮಿಕ್ರಿಯನ್ನು ಕಾಲೇಜಿನ ಹಾಸ್ಟೆಲಿನಲ್ಲಿ ಎಷ್ಟು ಸಲ ಮಾಡಿಲ್ಲ. ಅವತ್ತು ಗಂಟಲು ಏಳಲಿಲ್ಲ. ಎರಡನೇ ಸಲ ಬಂತು: ಮೂಗಿನಿಂದ ಹೊರಟು ಕೊನೆಗೆ ಒಡೆಯುವ, ಹಸಿದ ಕರುವಿನ ಸಣ್ಣ ಕೂಗು.

ಚುಕ್ಕಿಯ ಕಿವಿ ನೆಟ್ಟಗಾಯಿತು. ಕತ್ತು ತಿರುಗಿಸಿ ನನ್ನನ್ನು, ನನ್ನ ಹಿಂದೆ, ಬಾಗಿಲ ಕಡೆ ಹುಡುಕಿತು. ಹೊಟ್ಟೆಯಾಳದಿಂದ ಒಂದು ಹೂಂಕಾರ ಕೊಟ್ಟಿತು. ಎತ್ತಿದ್ದ ಕಾಲನ್ನು ಕೆಳಗಿಟ್ಟಿತು.

ಚೆಂಬಿನಲ್ಲಿ ಮೊದಲ ಧಾರೆಯ ಸದ್ದು ಕೇಳಿತು.

ನಾನು ನಿಲ್ಲಿಸಿದೆ. ಹಾಲೂ ನಿಂತಿತು.

"ನಿಲ್ಲುಸ್ಬ್ಯಾಡ ಕಣಪ್ಪ" ಎಂದರು ಒಡತಿ, ತಲೆಯೆತ್ತದೆ.

ಮತ್ತೆ ಕೂಗಿದೆ. ಚೆಂಬು ತುಂಬುವವರೆಗೂ ಕೂಗುತ್ತಿದ್ದೆ.